ಎರಡು ಕಪ್ಪು ಶೆವರ್ಲೆಟ್

“ಕುರಿ ಬೋಳಿಸಿದಂಗ ಗಾಡಿ ಬೋಳಿಸ್ಯಾನ ನೋಡ್ರಿ ಈ ಮಗ! ಕೈಯಾಗ ಕತ್ರಿ ಇದ್ದಾಂವಗ ಪಾನಾ ಕೊಟ್ರ ಇದ ಆಗ್ತದ!”

ಶಾಂತಲಿಂಗಪ್ಪ ಶೇಟರು ಇದನ್ನು ಅಂದದ್ದು ತಮ್ಮ ವಾಡೆಯ ಅಂಗಳದಲ್ಲಿ, ಮೂವತ್ತು ಜನರ ಮುಂದೆ. ಚಾದರದ ಗಂಟು ಹೊರುವ ಹಮಾಲರಿದ್ದರು. ಮದುವೆಗೆಂದು ಶ್ಯಾವಿಗೆ ಹೊಸೆಯುತ್ತಿದ್ದ ಹೆಂಗಸರಿದ್ದರು. ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡ ದರ್ಜಿಯಿದ್ದ. ಎಲ್ಲರೂ ನಕ್ಕರು. ನನ್ನ ಮಾಲೀಕ ಬಸಣ್ಣನೂ ನಕ್ಕ. ನನಗೆ ಉರಿದದ್ದು ಅದಕ್ಕೇ.

ಎಪ್ಪತ್ನಾಲ್ಕನೆಯ ಇಸವಿಯ ಮೇ ತಿಂಗಳು. ಪೆಟ್ರೋಲು ತುಟ್ಟಿಯಾಗಿ ಸೊಲ್ಲಾಪುರದ ದೊಡ್ಡ ಗಾಡಿಗಳೆಲ್ಲ ಶೆಡ್ಡು ಸೇರಿದ್ದವು. ಬಸಣ್ಣನ ಗ್ಯಾರೇಜಿನ ಎರಡು ಕಪ್ಪು ಶೆವರ್ಲೆಟ್‌ಗಳು ಮಾತ್ರ ಮದುವೆಗಳಿಗೆ ಹೊರಬೀಳುತ್ತಿದ್ದವು. ಎರಡೂ ಐವತ್ತೊಂದರ ಮಾಡೆಲ್. ಎಂಟು ದಿನಕ್ಕೆ ಶೇಟರ ಮನೆಯ ಇಬ್ಬರು ಹೆಣ್ಣುಮಕ್ಕಳ ಜೋಡಿ ಮದುವೆ: ಮಗಳು ಶಾರದಾ, ತೀರಿಹೋದ ತಮ್ಮನ ಮಗಳು ಅಕ್ಕನಾಗಮ್ಮ. ಇಬ್ಬರನ್ನೂ ಅಕ್ಕಲಕೋಟೆಯ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಡುವುದಿತ್ತು, ಮದುವೆ ಅಲ್ಲಿಯೇ. ಎರಡು ಹೆಣ್ಣು, ಎರಡು ಗಾಡಿ.

ಆದರೆ ಒಂದು ಗಾಡಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಬರೀ ಕಪ್ಪು.

“ಇದರ ಪಟ್ಟಿ ಎಲ್ಲಿ ಮಾರಿದಿ?” ಶೇಟರು ಮಡ್‌ಗಾರ್ಡ್ ಬಡಿದು ಕೇಳಿದ್ದರು.

“ಮಾರಿಲ್ರಿ. ಇದಕ್ಕ ಪಟ್ಟಿ ಇರಲೇ ಇಲ್ಲ. ಆ ಗಾಡಿ ಡಿಲಕ್ಸ್, ಇದು ಸ್ಟ್ಯಾಂಡರ್ಡ್.”

“ಎರಡೂ ಡಿಲಕ್ಸ್ ಅಂತ ಹೇಳ್ಯಾನಲ್ಲ ಬಸಣ್ಣ?”

ಬಸಣ್ಣ ಆಕಾಶ ನೋಡಿದ. “ಹುಡುಗ್ರಿ ಶೇಟ. ಅಂವಗೇನ ತಿಳೀತದ?”

ಆಮೇಲೆ ಕುರಿ, ಕತ್ತರಿ, ನಗು. ನಾನು ಕುಂಭಾರಿಯ ಕುರಿಗಾರರ ಮನೆಯವನು. ಮಾಸ್ತರು ಕುರಿ ಎಂದು ಕರೆದರೆಂದು ಆರನೆಯ ಇಯತ್ತೆಯಲ್ಲಿ ಅವರ ಮೇಜಿನ ಮೇಲೇ ಪಾಟಿ ಒಡೆದು ಸಾಲಿ ಬಿಟ್ಟು ಬಂದವನು. ಆಗ ಕೈಯಲ್ಲಿ ಪಾಟಿ ಇತ್ತು, ಈಗ ನಟ್ಟು ತಿರುವುವ ಕಬ್ಬಿಣದ ಪಾನಾ ಇತ್ತು. ಕೈ ಬಿಗಿಯಾಯಿತು.

“ಕಾಕಾ, ಕಸೂತಿ ಬಿಚ್ಚಿದ್ರ ಸೂಜಿ ತೂತ ಉಳೀತಾವ.”

ಶ್ಯಾವಿಗೆಯ ಗುಂಪಿನಿಂದ ಒಬ್ಬಳು ಎದ್ದು ಬಂದಿದ್ದಳು. ಮೊಣಕೈ ತನಕ ಹಿಟ್ಟು. ಕಪ್ಪು ಮಡ್‌ಗಾರ್ಡಿನ ಮೇಲೆ ಹೆಬ್ಬೆರಳು ಎಳೆದಳು. ಬಿಳಿ ಗೆರೆ ಮೂಡಿತು.

“ಇಲ್ಲಿ ಒಂದೂ ತೂತ ಇಲ್ಲ ನೋಡ್ರಿ.” ಹೊಳೆಯುವ ಗಾಡಿಯ ಪಟ್ಟಿಯ ಕೆಳಗೆ ಉಗುರು ತೂರಿಸಿದಳು. “ಇದಕ್ಕ ಒಳಗ ತೂತ ಮಾಡಿ ಸಿಗಿಸ್ಯಾರ. ಆ ಗಾಡೀದು ಯಾರೂ ಏನೂ ಬಿಚ್ಚಿಲ್ಲ, ಹುಟ್ಟಿನಿಂದನ ಪಟ್ಟಿ ಇಲ್ಲ.”

ನನಗೆ ಮೂರು ವರ್ಷ ಹಿಡಿದ ವಿದ್ಯೆ. ಅವಳಿಗೆ ಒಂದು ನಿಮಿಷ ಹಿಡಿಯಿತು.

“ನಿನಗ ಯಾರ ಕೇಳಿದ್ರು ಅಕ್ಕನಾಗಮ್ಮಾ? ನಡಿ ಒಳಗ!” ಶೇಟರು ಗದರಿದರು.

ಹೋದಳು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದಳು. ನಗಲಿಲ್ಲ. ಎಡಗಡೆಯ ಹುಬ್ಬು ಒಂದಿಷ್ಟು ಮೇಲೆ ಹೋಯಿತು, ಅಷ್ಟೆ. ಸರಿ ಹೇಳಿದೆನಲ್ಲ ಎಂಬಂತೆ.

ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಪಾನಾ ಹಿಡಿದುಕೊಂಡು ಎಷ್ಟೋ ಹೊತ್ತು ಆ ಬಿಳಿ ಗೆರೆ ನೋಡುತ್ತ ನಿಂತಿದ್ದೆ.

*

ಶೇಟರು ನಮ್ಮಿಬ್ಬರನ್ನು ಹಿತ್ತಲ ಗೋದಾಮಿಗೆ ಕರೆದು ಬಾಗಿಲು ಹಾಕಿದರು. ಈಗ ದನಿ ಸಣ್ಣದಾಗಿತ್ತು.

“ಬೀಗರ ಮನ್ಯಾಗ ಮಲಕಾಜಪ್ಪ ಅಂತ ಹಿರ್ಯಾ ಇದ್ದಾನ. ವರಗಳ ದೊಡ್ಡಪ್ಪ. ಹಿಂದಿನ ಮದುವ್ಯಾಗ ತಲಿಗೆ ಸುತ್ತೂ ಎರಡು ಪಟಕಾ ಮೊಳಾ ಹಾಕಿ ಅಳದಾನ. ಒಂದು ನಾಕು ಬೊಟ್ಟು ಕಡಿಮಿ ಬಂತಂತ ಊಟಾ ಬಿಟ್ಟ ಎದ್ದಾನ.”

ಆ ಮನೆಯದೊಂದು ರೀತಿ ಇತ್ತು. ಹೆಣ್ಣಿನ ಗಾಡಿ ಊರ ಹೆಬ್ಬಾಗಿಲಾದ ಅಗಸಿಯಲ್ಲಿ ನಿಲ್ಲಬೇಕು. ಹೆಂಗಸರು ಆರತಿ ಎತ್ತುತ್ತಾರೆ. ಮಲಕಾಜಪ್ಪ ತನ್ನ ಕೈಯಾರೆ ಗಾಡಿಯ ಮುಂದೆ ತೆಂಗಿನಕಾಯಿ ಒಡೆಯುತ್ತಾನೆ. ಕಾಯಿ ಒಡೆಯಿತೋ, ಹೆಣ್ಣು ಆ ಮನೆಯವಳು. ಮತ್ತೆ ಯಾರೂ ಮಾತು ತೆಗೆಯುವಂತಿಲ್ಲ. ಮಾನದಲ್ಲಿ ಕಡಿಮೆ ಕಂಡರೆ ಕಾಯಿ ಒಡೆಯುವುದಿಲ್ಲ. ಗಾಡಿ ಬಂದ ದಾರಿ ಹಿಡಿಯುತ್ತದೆ.

“ನಾ ಎರಡೂ ಡಿಲಕ್ಸ್ ತರ್ತೀನಂತ ಮಾತ ಕೊಟ್ಟೀನಿ. ಎಂಟ ದಿವಸದಾಗ ಇವೆರಡೂ ಒಂದ ಆಗಬೇಕು. ನಿಮ್ಮ ದೇವರು ಬಿರೋಬಾ ಬಂದು ನೋಡಿದ್ರೂ ಫರಕ ತಿಳೀಬಾರದು.”

“ಬಿರೋಬಾಗ ತಿಳೀತದ್ರಿ. ನಿಮ್ಮ ಬೀಗರಿಗೆ ತಿಳೀಲಾರದಂಗ ಮಾಡ್ತೀನಿ.”

ಬಸಣ್ಣ ನನ್ನ ಕಾಲು ತುಳಿದ. ನಾನು ತುಳಿಸಿಕೊಂಡೇ ಶೇಟರ ಕಣ್ಣು ನೋಡಿದೆ. ಗಾಡಿ ಗೊತ್ತಿಲ್ಲ ಅಂದಿರಲ್ಲ, ತೋರಿಸುತ್ತೇನೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಅದೊಂದೇ.

*

ಮರುದಿನ ಗೋದಾಮಿನ ಬಾಗಿಲಲ್ಲಿ ಚಹಾ ಬಂತು. ಕಪ್ಪಿನ ಹಿಂದೆ ಅವಳಿದ್ದಳು.

“ಮಿಸ್ತ್ರಿ, ಚಹಾ. ಕಾಕು ಕಳಿಸ್ಯಾಳ.” ಕಾಕು ಅಂದರೆ ಶೇಟರ ಹೆಂಡತಿ.

“ಇಡ್ರಿ.”

“ನಿನ್ನಿ ಬೈಸ್ಕೊಂಡ ಮಾರಿ ಇನ್ನೂ ಹಂಗ ಅದ.”

“ನನ್ನ ಮಾರಿ ಹುಟ್ಟಿದಾಗಿಂದ ಹಿಂಗ ಅದ್ರಿ.”

“ಹಂಗಾರ ತೂತ ಇರಂಗಿಲ್ಲ ಬಿಡ್ರಿ,” ಅಂದಳು.

ನನಗೆ ನಗು ಬಂತು. ತಡೆದೆ. ಅವಳಿಗೆ ಕಂಡಿತು. ಹೋಗದೆ ಚಾದರದ ಗಂಟಿನ ಮೇಲೆ ಕುಳಿತಳು.

“ನನಗ ಕಲಸ್ರಿ. ಸ್ಟ್ಯಾಂಡರ್ಡ್ ಯಾವುದು, ಡಿಲಕ್ಸ್ ಯಾವುದು, ಒಂದೊಂದ ತೋರಸ್ರಿ.”

“ಯಾಕ್ರಿ?”

“ನಾ ಕುಂಡ್ರೂ ಗಾಡಿ ನನಗ ಗೊತ್ತಿರಬಾರ್ದೇನು?”

ತೋರಿಸಿದೆ. ಡಿಲಕ್ಸಿನ ಮುಂದಿನ ಗಾಜಿನ ಸುತ್ತ ಹೊಳೆಯುವ ಉಕ್ಕಿನ ಚೌಕಟ್ಟು. ಸ್ಟ್ಯಾಂಡರ್ಡಿನದಕ್ಕೆ ಬರೀ ಕಪ್ಪು ರಬ್ಬರು. ಮಡ್‌ಗಾರ್ಡಿನಿಂದ ಬಾಗಿಲಿನ ತನಕ ಉದ್ದನೆಯ ಪಟ್ಟಿ, ಅದರ ಹತ್ತಿರ ಇಂಗ್ಲಿಷಿನಲ್ಲಿ ಡಿಲಕ್ಸ್ ಎಂದು ಬಳ್ಳಿಯಂತೆ ಬರೆದ ಅಕ್ಷರ. ಹಿಂದಿನ ಗಾಲಿಗಳನ್ನು ಅರ್ಧ ಮುಚ್ಚುವ ತಗಡು.

“ಕಾಲು ಕಾಣಬಾರದಂತ ಸೀರಿ ಇಳಿ ಬಿಟ್ಟಂಗ,” ಅಂದಳು.

“ಹೂಂ. ಸ್ಟ್ಯಾಂಡರ್ಡಿಗೆ ಮರ್ಯಾದಿ ಕಡಿಮಿ.”

“ಕೆಲಸಾ ಮಾಡಾಕಿಗೆ ಸೀರಿ ಎತ್ತಿ ಕಟ್ಟಬೇಕಾಗ್ತದಲ್ಲ.”

ನಕ್ಕೇ ಅಂದಳು. ಆದರೆ ನಗುವ ಮಾತಾಗಿರಲಿಲ್ಲ. ನಾನು ಸ್ಟೀರಿಂಗ್ ತೋರಿಸಿದೆ. ಸ್ಟ್ಯಾಂಡರ್ಡಿನದಕ್ಕೆ ಮೂರು ಕಡ್ಡಿ, ನಡುವೆ ಹಾರ್ನಿನ ಗುಂಡಿ. ಡಿಲಕ್ಸಿನದಕ್ಕೆ ಎರಡೇ ಕಡ್ಡಿ, ಹಾರ್ನಿಗೆ ಅರ್ಧಚಂದ್ರದ ಹಾಗೆ ಬೆಳ್ಳಿಬಣ್ಣದ ಬಳೆ. ಅವಳು ಬೆರಳ ಗಂಟಿನ ಮೇಲೆ ಎಣಿಸಿಕೊಳ್ಳುತ್ತ ಹೋದಳು.

“ಕಾಗದದಾಗ ಈ ಸಾದಾ ಗಾಡಿ ಹೆಸರೇನದ ಗೊತ್ತೇನ್ರಿ? ಸ್ಪೆಷಲ್. ಸ್ಟ್ಯಾಂಡರ್ಡ್ ಅಂತ ಅನ್ನಾವ್ರು ನಾವ ಗ್ಯಾರೇಜಿನವ್ರು.”

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. “ಕಾಕೂನೂ ಮನಿಗೆ ಬಂದ ಪಾವಣ್ಯಾರ ಮುಂದ ಹಂಗ ಹೇಳ್ತಾಳ. ನಮ್ಮ ಅಕ್ಕನಾಗಮ್ಮ ನಮಗ ಭಾಳ ಸ್ಪೆಷಲ್ ಅಂತ.”

*

ಮೂರನೆಯ ದಿನವೂ ಬಂದಳು. ನಾಲ್ಕನೆಯ ದಿನವೂ. ಕೆಲಸ ನಡೆದಿತ್ತು. ಉಕ್ಕಿನ ಪಟ್ಟಿಗಳನ್ನು ಪಾತ್ರೆ ಮಾಡುವವನ ಹತ್ತಿರ ಉರುಳೆಗೆ ಕೊಟ್ಟು ಬಗ್ಗಿಸಿದೆ. ಡಿಲಕ್ಸ್ ಎಂಬ ಅಕ್ಷರವನ್ನು ಓದಲು ನನಗೆ ಬರುತ್ತಿರಲಿಲ್ಲ. ಅದರ ಮೇಲೆ ಕಾಗದ ಇಟ್ಟು ಇದ್ದಲಿ ತಿಕ್ಕಿ ಗುರುತು ತೆಗೆದೆ. ನಮ್ಮೂರಲ್ಲಿ ದೇವರ ಹಿತ್ತಾಳೆ ಮುಖ ಎರಕ ಹೊಯ್ಯುವ ಮುದುಕನಿದ್ದ. ಅವನ ಕೈಗೆ ಕೊಟ್ಟೆ.

“ಇದ್ಯಾವ ದೇವರ ಹೆಸರೋ ಪೀರಪ್ಪಾ?” ಅವನು ಕಾಗದವನ್ನು ಅತ್ತಿತ್ತ ತಿರುಗಿಸಿ ಕೇಳಿದ.

“ಸೊಲ್ಲಾಪುರದ ಶೇಟಂದಿರ ಮನಿದೇವರು.”

ಇದನ್ನು ಹೇಳಿದಾಗ ಅವಳು ಗೋದಾಮಿನ ಗೋಡೆ ಹಿಡಿದು ನಕ್ಕಳು. ನಾನು ಅವಳನ್ನು ನಗಿಸಲೆಂದೇ ದಾರಿಯುದ್ದಕ್ಕೂ ಆ ಮಾತು ನೆನಪಿಟ್ಟುಕೊಂಡು ಬಂದಿದ್ದೆ. ಯಾಕೆ ಹಾಗೆ ಮಾಡಿದೆನೋ ನನಗೇ ತಿಳಿಯಲಿಲ್ಲ. ನಾಲ್ಕೇ ದಿನಕ್ಕೆ ಮದುವೆಯಾಗುವ ಹೆಣ್ಣು. ಅವಳನ್ನು ಅಗಸಿ ಮುಟ್ಟಿಸುವ ಗಾಡಿಯನ್ನು ಸಿಂಗರಿಸುತ್ತಿದ್ದವನು ನಾನು.

ಐದನೆಯ ದಿನ ಮುಂದಿನ ಸೀಟಿನಲ್ಲಿ ಬಾಗಿ, ಬಿಸಿಲಿಗೆ ಅಡ್ಡ ಇಳಿಸುವ ಫಳಿ ಕೂಡಿಸುತ್ತಿದ್ದೆ. ಅವಳು ಆ ಕಡೆಯ ಕಿಟಕಿಯಲ್ಲಿ ಗದ್ದ ಊರಿ ನಿಂತಿದ್ದಳು.

“ಅದೇನದು?”

“ಕಣ್ಣಿಗೆ ಬಿಸಿಲು ಹೊಡೀಬಾರದಂತ. ಸ್ಟ್ಯಾಂಡರ್ಡಿನ್ಯಾಗ ಒಂದ ಇರ್ತದ, ಡ್ರೈವರಗ ಅಷ್ಟ. ಡಿಲಕ್ಸಿನ್ಯಾಗ ಎರಡು.”

“ಬಾಜೂಕ ಕುಂತಾಕಿಗೂ ನೆರಳು ಅಂದಂಗಾತು.”

“ಹೂಂ.”

“ಸ್ಟ್ಯಾಂಡರ್ಡಿನ್ಯಾಗ ಬಾಜೂಕ ಕುಂತಾಕಿ ಏನ ಮಾಡ್ಬೇಕು?”

“ಕಣ್ಣು ಮುಚ್ಚಬೇಕು.”

“ಇಲ್ಲಾ ಡ್ರೈವರ ಕಡೆ ಮಾರಿ ತಿರುವಿ ಕುಂಡ್ರಬೇಕು,” ಅಂದಳು.

ಕೈಯಿಂದ ಸ್ಕ್ರೂ ಬಿತ್ತು. ಹುಡುಕುವ ನೆವದಲ್ಲಿ ಸೀಟಿನ ಕೆಳಗೆ ತಲೆ ಹಾಕಿದೆ. ತಲೆ ಎತ್ತಿದಾಗ ಅವಳು ಅಲ್ಲಿಯೇ ಇದ್ದಳು. ಕಣ್ಣು ಕೆಳಗಿರಲಿಲ್ಲ. ನನ್ನ ಮೂಗಿನ ಮೇಲಿನ ಗ್ರೀಸು ನೋಡುತ್ತಿದ್ದಳೋ, ನನ್ನನ್ನೇ ನೋಡುತ್ತಿದ್ದಳೋ.

“ಹುಡುಗನ್ನ ನೋಡೀರೇನ್ರಿ?” ಕೇಳಿದೆ. ದನಿ ಒರಟಾಗಿ ಬಂತು.

“ಅಂವಾನೂ ನನ್ನ ನೋಡಿಲ್ಲ. ಶಾರದಾನ್ನ ನೋಡಾಕ ಬಂದಿದ್ರು. ಉಪ್ಪಿಟ್ಟು ತಿಂದ್ರು, ಕೈ ತೊಳಕೊಂಡ್ರು. ಸಣ್ಣ ಹುಡುಗಗ ಇನ್ನೊಂದೂ ಅದಲ್ಲ ಮನ್ಯಾಗ, ಅಂದ್ರು. ಕಾಕಾ ಹೂಂ ಅಂದ್ರು.” ಕಿಟಕಿಯ ಗಾಜಿನ ಮೇಲೆ ಉಗುರಿನಿಂದ ಏನೋ ಬರೆದಳು. “ನಮ್ಮ ಕಾಕಾ ಚಾದರ ಜೋಡೀನ ಮಾರ್ತಾರ್ರಿ. ಒಂದ ಕೊಡಂಗಿಲ್ಲ.”

ನಾನು ಫಳಿಯ ಸ್ಕ್ರೂ ತಿರುವತೊಡಗಿದೆ.

“ಮಿಸ್ತ್ರಿ, ಒಂದ ಕೇಳಲಿ? ನನಗ ಸ್ಟ್ಯಾಂಡರ್ಡ್ ಇರ್ಲಿ. ಮತ್ತ ಅದನ್ನ ಭಾಳ ಛಂದ ಮಾಡಬ್ಯಾಡ್ರಿ.”

ಅಂದು ಕಪ್ಪು ತೆಗೆದುಕೊಂಡು ಹೊರಟುಹೋದಳು.

ಆ ರಾತ್ರಿ ಅವಳ ಮಾತನ್ನೇ ತಿರುವಿ ತಿರುವಿ ನೋಡಿದೆ. ಅಪ್ಪ ತೀರಿದ ಮೇಲೆ ಅವ್ವನನ್ನು ವಾಗದರಿಯಲ್ಲಿ ಬಿಟ್ಟು ಬಂದು, ಹನ್ನೊಂದನೆಯ ವಯಸ್ಸಿನಿಂದ ಆ ಮನೆಯಲ್ಲಿ ಸೀರೆ ಎತ್ತಿ ಕಟ್ಟಿ ದುಡಿದವಳು. ಎಲ್ಲದರಲ್ಲೂ ಎರಡನೆಯದು ಪಡೆದು ರೂಢಿಯಾಗಿ, ಈಗ ಕೇಳುವುದೂ ಎರಡನೆಯದನ್ನೇ. ಅವಳ ಮಾತನ್ನು ನಾನು ಹಾಗೆ ತಿಳಿದುಕೊಂಡೆ. ಶೇಟರು ಗುಟ್ಟಾಗಿ ಹೇಳಿದ್ದರು: ಖರೇ ಡಿಲಕ್ಸ್ ಶಾರದಾಗೆ, ಇನ್ನೊಂದು ಅಕ್ಕನಾಗಮ್ಮನಿಗೆ, ನಂಬರ್ ನೋಡಿ ಬಿಡಬೇಕು.

ನೋಡಿ ಬಿಡುತ್ತೇನೆ, ಅಂದುಕೊಂಡೆ. ಏಳನೆಯ ದಿನ ಬಣ್ಣಕ್ಕೆಂದು ಬಿಚ್ಚಿದ್ದ ನಂಬರ್ ಪಾಟಿಗಳನ್ನು ತಿರುಗಿ ಹಾಕುವಾಗ ಇದರದು ಅದಕ್ಕೆ, ಅದರದು ಇದಕ್ಕೆ ಹಾಕಿದೆ. ಜನ್ಮದಲ್ಲಿ ಒಮ್ಮೆಯಾದರೂ ಮೊದಲನೆಯದು ಅವಳಿಗೆ ಸಿಗಲಿ.

ಶೇಟರು ಬಂದು ಎರಡೂ ಗಾಡಿಯ ಸುತ್ತ ಮೂರು ಸಲ ತಿರುಗಿದರು. ಫರಕು ಸಿಗಲಿಲ್ಲ. ನನ್ನ ಬೆನ್ನು ತಟ್ಟಲಿಲ್ಲ, ಆದರೆ ಬಸಣ್ಣನ ಬೆನ್ನು ತಟ್ಟಿದರು.

*

ಹೊರಟದ್ದು ಮುಂಜಾನೆ ಹತ್ತಕ್ಕೆ. ಶಾರದಾ ಮತ್ತು ಶೇಟರನ್ನು ಕೂಡಿಸಿಕೊಂಡು ಬಸಣ್ಣ ಮುಂದೆ. ಅಕ್ಕನಾಗಮ್ಮನನ್ನೂ, ಅವಳ ಜೋಡಿಗೆ ಬಂದ ಮುದುಕಿ ಅತ್ಯಾ ಗುರುಲಿಂಗಮ್ಮನನ್ನೂ ಕೂಡಿಸಿಕೊಂಡು ನಾನು ಹಿಂದೆ. ಬಾನೆಟ್ಟಿನ ಮೇಲೆ ಚೆಂಡುಹೂವಿನ ಜಾಳಿಗೆ. ಕನ್ನಡಿಯಲ್ಲಿ ಹಸಿರು ಸೀರೆ, ಬಾಸಿಂಗ, ಅದರ ನಡುವೆ ಎರಡು ಕಣ್ಣು. ಕನ್ನಡಿ ನೋಡಬಾರದೆಂದು ದಾರಿ ನೋಡಿದೆ. ದಾರಿ ಕಾಣಲಿಲ್ಲ.

ಕುಂಭಾರಿ ದಾಟುತ್ತಲೇ ಇಂಜಿನ್ನು ಕುದಿಯಿತು. ಹೂವಿನ ಜಾಳಿಗೆ ಗಾಳಿ ತಡೆದಿತ್ತು. ಬಸಣ್ಣನ ಗಾಡಿ ನೋಡನೋಡುತ್ತ ಧೂಳಿನಲ್ಲಿ ಕರಗಿತು. ಗುರುಲಿಂಗಮ್ಮ ಗಾಡಿಯ ವಾಸನೆಗೆ ಮೊದಲೇ ಬಸವಳಿದಿದ್ದಳು. “ನನ್ನ ಕೆಳಗ ಇಳಸ್ರಿ ಮೊದಲ, ಜೀವಾ ಹೊಂಟದ,” ಎಂದು ನಿಂಬೆಹಣ್ಣು ಮೂಸುತ್ತ ದೂರದ ಬೇವಿನ ಕೆಳಗೆ ಹೋಗಿ ಅಡ್ಡಾದಳು.

ಹೂವು ಕಿತ್ತು ಒಗೆದು ಬಾನೆಟ್ಟು ಎತ್ತಿದೆ. ಉಗಿ ಇಳಿಯುವ ತನಕ ಮಾಡುವುದೇನೂ ಇರಲಿಲ್ಲ.

ಅವಳು ಬಾಗಿಲು ತೆರೆದು ಕಾಲು ಹೊರಗಿಟ್ಟು ಕುಳಿತಳು. “ಮಿಸ್ತ್ರಿ, ಇದು ಯಾವ ಗಾಡಿ?”

“ನೀವ ಹೇಳ್ರಿ. ಕಲಿಸೀನಲ್ಲ.”

ಇಳಿದು ಬಂದಳು. ಚೌಕಟ್ಟು ಮುಟ್ಟಿದಳು. ಪಟ್ಟಿಯ ಕೆಳಗೆ ಉಗುರು ತೂರಿಸಿದಳು. ಅಕ್ಷರ ಸವರಿದಳು. ಒಂದು ಸುತ್ತು ಬಂದು ನಿಂತಳು. “ತಿಳೀವಲ್ದು. ಎರಡೂ ಒಂದ ಆಗಿಬಿಟ್ಟಾವ. ಇದು ಸ್ಟ್ಯಾಂಡರ್ಡ್ ಇರಬೇಕು.”

“ಅಲ್ಲ. ಇದು ಖರೇ ಡಿಲಕ್ಸ್.” ಎದೆ ಉಬ್ಬಿತ್ತು ನನ್ನದು. “ನಿಮ್ಮ ಕಾಕಾಗ ಗೊತ್ತಿಲ್ಲ. ನಂಬರ್ ಪಾಟಿ ಬದಲಿ ಮಾಡೀನಿ. ನಿಮಗಂತ.”

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸಂತೋಷ ಅಂದುಕೊಂಡೆ. ಕೈ ತೆಗೆದಾಗ ಹಾಗಿರಲಿಲ್ಲ.

“ನಾ ಏನ ಕೇಳಿದ್ದೆ ನಿಮ್ಮನ್ನ?”

“ಸ್ಟ್ಯಾಂಡರ್ಡ್ ಇರ್ಲಿ ಅಂದಿದ್ರಿ. ಸಿಟ್ಟಿಲೆ ಅಂದ್ರಿ ಅಂತ ತಿಳಕೊಂಡೆ.”

“ನಿಮಗ ಸಿಟ್ಟು ಒಂದ ಗೊತ್ತದ. ಮಂದಿ ಎಲ್ಲಾ ಸಿಟ್ಟಿಲೇನ ಮಾತಾಡ್ತಾರಂತ ತಿಳದೀರಿ.” ಬಾಸಿಂಗ ಮೇಲೆ ಸರಿಸಿದಳು. “ಆರ ದಿವಸ ಚಹಾ ತಂದೆ. ಎರಡ ದಿವಸ ಕಾಕು ಕಳಿಸಿದ್ಲು. ಉಳದ ನಾಕ ದಿವಸ ಯಾರ ಕಳಿಸಿದ್ರು?”

ಬಾನೆಟ್ಟಿನ ಉಗಿ ಮುಖಕ್ಕೆ ಹೊಡೆಯುತ್ತಿತ್ತು. ಸರಿಯುವುದೂ ನೆನಪಾಗಲಿಲ್ಲ.

“ಕಡಿಮಿ ಗಾಡಿ ಬಂದದಂತ ಆ ಮಲಕಾಜಪ್ಪ ಕಾಯಿ ಒಡೀಲಾರದ ನಿಲ್ಲಲಿ ಅಂತಿದ್ದೆ. ನಾ ವಾಗದರಿಗೆ ಹೋಗಾಕಿ, ನಮ್ಮವ್ವನ ಹಂತ್ಯಾಕ. ತಿರುಗಿ ಬಂದ ಹೆಣ್ಣಿಗೆ ಮತ್ತ ಜೋಡಿ ಹುಡುಕಾಕ ಕಾಕಾ ಬರಂಗಿಲ್ಲ. ಕುಂತು ದಾರಿ ನೋಡಾಕಿ.”

“ಯಾರ ದಾರಿ?”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಕಣ್ಣಲ್ಲಿ ನೀರಿದ್ದೂ ನಗು ಬಂತು. “ಆರನೇ ಇಯತ್ತಿಗೆ ಸಾಲಿ ಬಿಟ್ಟೀನಿ ಅಂದಿದ್ರಲ್ಲ, ಸುಳ್ಳಲ್ಲ ಬಿಡ್ರಿ.”

ಅಷ್ಟಾದ ಮೇಲೆ ತಿಳಿಯಿತು ನನಗೆ. ಎಂಟು ದಿನದಿಂದ ಎದುರಿಗೆ ನಿಂತಿದ್ದದ್ದು ಈಗ ತಿಳಿಯಿತು. ಏನೇನೋ ಹೇಳಬೇಕೆನಿಸಿತು. ಬಾಯಿಂದ ಬಂದದ್ದು ಬೇರೆ.

“ಗಾಡಿ ತಿರುಗಸ್ತೀನಿ. ಈಗಿಂದೀಗ.”

“ಬ್ಯಾಡ! ನಾ ಓಡಿಹೋದ್ರ ಶಾರದಾನ್ನೂ ತಿರುಗಿ ಕಳಸ್ತಾರ. ಆಕಿ ಆ ದೊಡ್ಡ ಹುಡುಗನ್ನ ಜೀವಾ ಇಟ್ಟು ಮೆಚ್ಚ್ಯಾಳ. ಆಕಿದು ಏನ ತಪ್ಪದ?”

“ಹಂಗಾರ ಈ ಪಟ್ಟಿ ಕಿತ್ತ ಒಗೀತೀನಿ. ಸ್ಟ್ಯಾಂಡರ್ಡ್ ಮಾಡ್ತೀನಿ ಇದನ್ನ.”

“ಇದಕ್ಕ ಹುಟ್ಟಿನಿಂದ ಪಟ್ಟಿ ಅದ,” ಅಂದಳು ಮೆಲ್ಲಗೆ. “ಕಿತ್ತರ ತೂತ ಉಳೀತಾವ. ಯಾರಿಗಾದ್ರೂ ಕಾಣ್ತಾವ.”

ನನ್ನ ಕೈಯಾರೆ ಮಾಡಿದ್ದೆ. ಅವಳನ್ನು ಆ ಮನೆಗೆ ಮುಟ್ಟಿಸುವ ಗಾಡಿಯನ್ನು ಬೇರೆ ಯಾರೂ ಇಷ್ಟು ಗಟ್ಟಿಯಾಗಿ ಮಾಡುತ್ತಿರಲಿಲ್ಲ. ಅವಳು ಒಂದು ಹೆಜ್ಜೆ ಹತ್ತಿರ ಬಂದು, ಸೆರಗಿನ ತುದಿಯಿಂದ ನನ್ನ ಮೂಗಿನ ಮೇಲಿನ ಗ್ರೀಸು ಒರೆಸಿದಳು. ಹೊಸ ಸೀರೆಗೆ ಕಪ್ಪು ಹತ್ತಿತು. ಅದನ್ನು ನೋಡಿ, ಮಡಚಿ ಸೊಂಟಕ್ಕೆ ಸಿಗಿಸಿಕೊಂಡಳು.

“ಏ ಅಕ್ಕನಾಗೂ, ಗಾಡಿ ತಣ್ಣಗಾತೇನವಾ?” ಬೇವಿನ ಕೆಳಗಿನಿಂದ ಗುರುಲಿಂಗಮ್ಮ ಕೂಗಿದಳು.

“ಆತ್ರಿ ಅತ್ಯಾ,” ಅಂದಳು. ದನಿ ನೆಟ್ಟಗಿತ್ತು.

*

ಅಕ್ಕಲಕೋಟೆಯ ಅಗಸಿಗೆ ಮುಟ್ಟಿದಾಗ ಬ್ಯಾಂಡು ಬಾರಿಸುತ್ತಿತ್ತು. ಶಾರದಾಳ ಗಾಡಿ ಆಗಲೇ ಒಳಗಿತ್ತು. ದಾರಿಯ ಮೇಲೆ ಒಡೆದ ಕಾಯಿಯ ಚೂರು, ನೀರು, ಕುಂಕುಮ. ಶಾರದಾಳ ಪಾಲಿನ ಕಾಯಿ ಒಡೆದಾಗಿತ್ತು. ಅವಳಿಗೆ ಇನ್ನು ಏನೂ ಆಗುವಂತಿರಲಿಲ್ಲ.

ನಮ್ಮ ಗಾಡಿ ನಿಂತಿತು. ಧೂಳು ಮೆತ್ತಿತ್ತು. ಹೂವಿರಲಿಲ್ಲ. ಆರತಿ ಹಿಡಿದ ಹೆಂಗಸರು ಮುಂದೆ ಬಂದರು. ಬಿಳಿ ಮೀಸೆಯ ಮಲಕಾಜಪ್ಪ ಕೋಲು ಅಡ್ಡ ಹಿಡಿದು ಅವರನ್ನು ನಿಲ್ಲಿಸಿದ. ಗಾಡಿಯ ಸುತ್ತ ತಿರುಗಿದ. ಒಳಗಿನ ಗಾಡಿಯನ್ನೂ ನೋಡಿ ಬಂದ.

“ಅದು ಹೂವು ಹಾಕ್ಕೊಂಡು ವ್ಯಾಳ್ಯಾಕ್ಕ ಬಂತು. ಇದು ಬೋಳಾಗಿ ತಡಾ ಮಾಡಿ ಬಂದದ. ಇದು ಕಡಿಮಿ ಗಾಡಿ.”

“ಛೆ ಛೆ ಬೀಗರ, ಎರಡೂ ಡಿಲಕ್ಸ್ ಅವ,” ಶೇಟರು ಓಡಿ ಬಂದರು.

“ನಿಮ್ಮನ್ನ ಕೇಳಿಲ್ಲ ಶೇಟ. ಸಣ್ಣ ಹುಡುಗನ ಮಾನ ಅಂದ್ರ ಕಡಿಮಿ ಮಾನ ಅಲ್ಲ.” ಕೋಲು ನನ್ನ ಕಡೆ ತಿರುಗಿತು. “ಈ ಗಾಡಿ ರಿಪೇರಿ ಮಾಡಿದ ಮಿಸ್ತ್ರಿ ನೀನಲ್ಲ? ಯಾವ ಊರಾಂವ?”

“ಕುಂಭಾರಿ.”

“ನಿಮ್ಮ ದೇವರು?”

“ಬಿರೋಬಾ.”

“ಬಿರೋಬಾನ ಆಣಿ ಮಾಡಿ ಹೇಳು. ಇದು ಡಿಲಕ್ಸ್ ಹೌದೋ ಅಲ್ಲೋ?”

ಬ್ಯಾಂಡಿನವರೂ ತುತ್ತೂರಿ ಇಳಿಸಿದರು. ನೂರಾರು ಕಣ್ಣು. ಅಲ್ಲ ಅಂದರೆ ದೇವರ ಹೆಸರಿನಲ್ಲಿ ಸುಳ್ಳು. ಹೌದು ಅಂದರೆ ಕಾಯಿ ಒಡೆಯುತ್ತದೆ. ಸುಮ್ಮನಿದ್ದರೆ ಇಡೀ ಊರು ತಿಳಿದುಕೊಳ್ಳುವುದು ಒಂದೇ: ಈ ಕುರಿಗಾರರ ಹುಡುಗನಿಗೆ ಗಾಡಿ ಮಾಡಲು ಬರಲಿಲ್ಲ, ಎರಡು ಒಂದಾಗಲಿಲ್ಲ. ನನ್ನ ಜನ್ಮದ ಒಳ್ಳೆಯ ಕೆಲಸ ಅದು. ಹೌದು ಎಂಬ ಮಾತು ನಾಲಿಗೆ ತುದಿಗೆ ಬಂದು ನಿಂತಿತ್ತು.

“ಹೇಳಲೇ!” ಶೇಟರು ನನ್ನ ತೋಳು ಅಲ್ಲಾಡಿಸಿದರು. “ಬ್ಯಾರೆ ವ್ಯಾಳ್ಯಾದಾಗ ಕೇಳಲಾರದ ಬಡಬಡಸ್ತಿ, ಈಗ ಬಾಯಿಗೇನಾತು? ಡಿಲಕ್ಸ್ ಅನ್ನು! ಒಂದ ಮಾತು!”

ನಾನು ಕಿಟಕಿ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ಕುಳಿತಿದ್ದಳು. ಸೊಂಟದ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಬೆರಳ ಗಂಟು ಬೆಳ್ಳಗಾಗಿದ್ದವು.

ಚಾವಿ ತೆಗೆದು ಬಾನೆಟ್ಟಿನ ಮೇಲೆ ಇಟ್ಟೆ. ಶೇಟರ ಕೈ ಬಿಡಿಸಿಕೊಂಡೆ. ಜನ ದಾರಿ ಬಿಟ್ಟರು. ನಡೆದೆ.

ಬೆನ್ನ ಹಿಂದೆ ಮಲಕಾಜಪ್ಪನ ಮಾತು ಕೇಳಿಸಿತು. “ಆಣಿ ಮಾಡಲಾರದ ಹೊಂಟ ನೋಡ್ರಿ. ಕಾಯಿ ಒಳಗ ಒಯ್ಯವಾ ತಂಗಿ. ದೊಡ್ಡಾಕಿ ನಮ್ಮಾಕಿ ಆದ್ಲು, ಆಕಿ ಮಾತಿಲ್ಲ. ಈ ಗಾಡಿ ತಿರುಗಲಿ.”

ಶೇಟರು ಏನೇನೋ ಕೂಗಿದರು. ಕುರಿ ಅಂದರು, ಕಳ್ಳ ಅಂದರು. ಗುರುಲಿಂಗಮ್ಮ ಗೋಳಾಡುತ್ತ ಕೇಳುತ್ತಿದ್ದಳು, ಈಗ ಈ ಹುಡುಗೀನ್ನ ಎಲ್ಲಿಗೆ ಒಯ್ಯೋದು ಅಂತ. ಆ ಗದ್ದಲದ ನಡುವೆ ಒಂದು ದನಿ, ಅಳುಕಿಲ್ಲದೆ: “ವಾಗದರಿಗೆ ನಡೀರಿ ಅತ್ಯಾ. ನಮ್ಮವ್ವನ ಹಂತ್ಯಾಕ.”

ನನಗೆ ಸಂತೋಷವೋ, ಸಂಕಟವೋ, ಇನ್ನೂ ತಿಳಿಯಲಿಲ್ಲ. ಕಾಲು ಮಾತ್ರ ನಡೆಯುತ್ತಿದ್ದವು.

ಬಸಣ್ಣ ಏದುಸಿರು ಬಿಡುತ್ತ ಹಿಂದೆ ಓಡಿ ಬಂದ. ಧೋತರ ಒಂದು ಕೈಯಲ್ಲಿ, ಟೊಪ್ಪಿಗೆ ಇನ್ನೊಂದು ಕೈಯಲ್ಲಿ.

“ಏ ಪೀರ್ಯಾ, ನಿಲ್ಲೋ! ಶೇಟಗ ಹೇಳಬ್ಯಾಡ, ಬೀಗರಿಗೂ ಹೇಳಬ್ಯಾಡ. ನನಗಷ್ಟರ ಹೇಳೋ ಮಾರಾಯ, ಗಾಡಿ ನನ್ನವು! ನಂಬರ್ ನೋಡಿದ್ರ ಒಂದು ಹೇಳ್ತದ, ಇಡೀ ದಾರಿ ನಡಿಸಿದ ಕೈ ಬ್ಯಾರೇನ ಹೇಳಾಕತ್ತದ. ಖರೇ ಡಿಲಕ್ಸ್ ಯಾವುದೋ?”

ವಾಗದರಿಯ ದಾರಿ ಎಡಕ್ಕೆ ಒಡೆಯುತ್ತಿತ್ತು. ನಾನು ಎಡಕ್ಕೆ ತಿರುಗಿದೆ. ಅವನು ಅಲ್ಲಿಯೇ ನಿಂತು ಮತ್ತೊಮ್ಮೆ ಕೇಳಿದ. ನಾನು ಏನೂ ಅನ್ನದೆ ನಡೆಯುತ್ತ ಹೋದೆ.